ಮೂಗಿಗೆ ಸಿಗದ ಧೂಳು

ಜೋಳದ ರಾಶಿ ಮುಗಿಸಿ ಬಂದವರು ಮುಖ ತೊಳೆಯುವಾಗ ಮೂಗಿನಿಂದ ಕಪ್ಪು ಸಿಂಬಳ ಬರುತ್ತದೆ. ಅದನ್ನು ಕಂಡು ಮನೆಯವರು "ಎಷ್ಟ್ ಧೂಳ ಒಳಗ ಹೋಗೇತಿ ನೋಡ್ರಿ" ಎನ್ನುತ್ತಾರೆ. ಆದರೆ ಆ ಧೂಳು ಒಳಗೆ ಹೋಗೇ ಇಲ್ಲ. ಹೊರಗೇ ನಿಂತಿದ್ದರಿಂದ ಕಣ್ಣಿಗೆ ಕಂಡಿತು. ಪುಪ್ಪಸಕ್ಕೆ ನಿಜವಾಗಿ ಕೆಡುಕು ಮಾಡುವ ಧೂಳು ಸಿಂಬಳದಲ್ಲಿ ಕಾಣುವುದಿಲ್ಲ, ಸೀನು ತರಿಸುವುದಿಲ್ಲ, ಬಹಳ ಸಲ ಕೆಮ್ಮನ್ನೂ ತರಿಸುವುದಿಲ್ಲ. ಎದೆಯೊಳಗಿನ ಉಸಿರಿನ ದಾರಿ ಹೇಗೆ ಕಟ್ಟಲ್ಪಟ್ಟಿದೆ, ಯಾವ ವಸ್ತು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂಬುದು ತಿಳಿದರೆ ಇದು ವಿಚಿತ್ರವೆನಿಸುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕೆಲಸಗಳನ್ನೇ ಮುಂದಿಟ್ಟುಕೊಂಡು ಆ ದಾರಿಯಲ್ಲಿ ಒಮ್ಮೆ ಇಳಿದು ನೋಡಬಹುದು.

ಮೂಗಿನ ವಿಷಯ ಬೇಗ ಮುಗಿಯುತ್ತದೆ. ಅದರೊಳಗಿನ ಮೂಳೆಯ ಮಡಿಕೆಗಳ ಮೇಲೆ ಹಸಿಯಾದ ಒಳಪದರ, ಅದರ ಕೆಳಗೆ ದಟ್ಟವಾದ ರಕ್ತನಾಳಗಳು ಇವೆ. ಒಳಬಂದ ಗಾಳಿ ಈ ಮಡಿಕೆಗಳ ನಡುವೆ ತಿರುಗುವಾಗ ದೊಡ್ಡ ಕಣಗಳು ತಿರುವಿನಲ್ಲಿ ತಿರುಗಲಾಗದೆ ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ. 10 ಮೈಕ್ರಾನ್‌ಗಿಂತ, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ದಪ್ಪನೆಯ ಬಹುಪಾಲು ಕಣಗಳ ಪಯಣ ಮೂಗು ಗಂಟಲಲ್ಲೇ ಮುಗಿಯುತ್ತದೆ. ಜೋಳದ ಸುಂಕು, ಹೊಟ್ಟು, ಹೊಲದ ಮಣ್ಣು ಹೆಚ್ಚಾಗಿ ಈ ಗುಂಪಿನವು. ಮೂಗಿಗೆ ಇನ್ನೊಂದು ಕೆಲಸವಿದೆ. ಗಾಳಿಯನ್ನು 37 ಡಿಗ್ರಿಗೆ ತಂದು, ಪೂರ್ತಿ ತೇವ ತುಂಬಿಸಿ ಕೆಳಗೆ ಕಳಿಸುವುದು. ಪುಸ್ತಕಗಳು ಇದನ್ನು 'ಗಾಳಿಯನ್ನು ಬಿಸಿ ಮಾಡುವುದು' ಎಂದೇ ಬರೆಯುತ್ತವೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಅದೇ ಮೂಗು ಗಾಳಿಯನ್ನು ತಣಿಸಬೇಕಾಗುತ್ತದೆ. ಬಾಯಿಂದ ಉಸಿರಾಡಿದರೆ ಸೋಸುವುದು, ತಣಿಸುವುದು, ತೇವ ಮಾಡುವುದು ಮೂರೂ ಬಹುಮಟ್ಟಿಗೆ ತಪ್ಪಿಹೋಗುತ್ತವೆ. ಭಾರ ಹೊತ್ತು ಏದುಸಿರು ಬಿಡುವ ಹಮಾಲರು ಬಾಯಿಂದಲೇ ಉಸಿರಾಡುವುದು. ಹಾಗಾಗಿ ಒಂದೇ ಗೋದಾಮಿನಲ್ಲಿ ಕೂತು ಲೆಕ್ಕ ಬರೆಯುವವರಿಗೂ ಚೀಲ ಹೊರುವವರಿಗೂ ಒಳಸೇರುವ ಧೂಳು ಒಂದೇ ಅಲ್ಲ.

ಧ್ವನಿಪೆಟ್ಟಿಗೆಯಿಂದ ಕೆಳಗೆ ಶ್ವಾಸನಾಳ ಶುರುವಾಗುತ್ತದೆ. ವಯಸ್ಕರಲ್ಲಿ ಉದ್ದ 10ರಿಂದ 12 ಸೆಂಟಿಮೀಟರ್, ಒಳ ಅಗಲ ಸುಮಾರು 1.8 ಸೆಂಟಿಮೀಟರ್. ಗೋಡೆಯಲ್ಲಿ 16ರಿಂದ 20 ಮೃದ್ವಸ್ಥಿಯ ಉಂಗುರಗಳಿದ್ದು, ಹಿಂಬದಿಯಲ್ಲಿ ಅವು ಕೂಡಿರುವುದಿಲ್ಲ. ಆ ಬಿಟ್ಟ ಜಾಗದಲ್ಲಿ ಸ್ನಾಯುವಿದೆ, ಅದರ ಬೆನ್ನಿಗೆ ಅನ್ನನಾಳ. ರೊಟ್ಟಿಯ ತುತ್ತು ಇಳಿಯುವಾಗ ಅನ್ನನಾಳ ಉಬ್ಬಲು ಈ ಮೆತ್ತನೆಯ ಹಿಂಗೋಡೆ ಜಾಗ ಕೊಡುತ್ತದೆ. ಕೆಮ್ಮುವಾಗ ಇದೇ ಗೋಡೆ ಮುಂದಕ್ಕೆ ಒತ್ತಿಕೊಂಡು ನಾಳವನ್ನು ಸೀಳಿನಷ್ಟು ಕಿರಿದು ಮಾಡುತ್ತದೆ. ದಾರಿ ಕಿರಿದಾದಷ್ಟೂ ಗಾಳಿಯ ವೇಗ ಏರಿ ಕಫ ಕಿತ್ತು ಬರುತ್ತದೆ.

ಶ್ವಾಸನಾಳದ ಕೆಳತುದಿ ಎರಡಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಕವಲೂ ಮತ್ತೆ ಎರಡಾಗುತ್ತ ಹೋಗುತ್ತದೆ. 1963ರಲ್ಲಿ ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ ಇದನ್ನು ಅಳೆದು ಕೊಟ್ಟ ಲೆಕ್ಕದಲ್ಲಿ ಶ್ವಾಸನಾಳದಿಂದ ತುದಿಯ ಪುಟ್ಟ ಗಾಳಿಚೀಲಗಳವರೆಗೆ, ಅಂದರೆ ಗಾಳಿಗೂಡುಗಳವರೆಗೆ, 23 ಸಲ ಕವಲೊಡೆಯುತ್ತದೆ. ಮೊದಲ 16 ಕವಲುಗಳವರೆಗೆ ಅದು ಬರಿಯ ದಾರಿ. ರಕ್ತಕ್ಕೆ ಆಮ್ಲಜನಕ ಸೇರುವುದು 17ನೇ ಕವಲಿನಿಂದ ಆಚೆಗೆ. 16ನೇ ಹಂತಕ್ಕೆ ಬಂದಾಗ ನಳಿಕೆಗಳ ಸಂಖ್ಯೆ ಸುಮಾರು 65 ಸಾವಿರ, ಒಂದೊಂದರ ಅಗಲ ಅರ್ಧ ಮಿಲಿಮೀಟರಿನ ಆಸುಪಾಸು.

ಆಲಮಟ್ಟಿಯ ನೀರು ಮುಖ್ಯ ಕಾಲುವೆ, ವಿತರಣಾ ಕಾಲುವೆ, ಲ್ಯಾಟರಲ್, ಹೊಲಗಾಲುವೆ ಎಂದು ಒಡೆಯುತ್ತ ಹೋಗುವುದನ್ನು ನೋಡಿದವರಿಗೆ ಈ ಕವಲುಗಳನ್ನು ಊಹಿಸುವುದು ಕಷ್ಟವಲ್ಲ. ಆದರೆ ಒಂದು ಕಡೆ ಹೋಲಿಕೆ ತಲೆಕೆಳಗಾಗುತ್ತದೆ. ಕಾಲುವೆಯಲ್ಲಿ ಕೆಳಕ್ಕೆ ಹೋದಷ್ಟೂ ನೀರು ಕಡಿಮೆಯಾಗುತ್ತದೆ, ಒಟ್ಟು ಅಗಲವೂ ಕುಗ್ಗುತ್ತದೆ. ಪುಪ್ಪಸದಲ್ಲಿ ಒಂದೊಂದು ನಳಿಕೆ ಕಿರಿದಾದರೂ ಎಲ್ಲ ಕೂಡಿದ ಅಗಲ ಹಿಗ್ಗುತ್ತಲೇ ಹೋಗುತ್ತದೆ. ಶ್ವಾಸನಾಳದ ಬಾಯಿ ಸುಮಾರು 2.5 ಚದರ ಸೆಂಟಿಮೀಟರ್ ಇದ್ದರೆ, 16ನೇ ಕವಲಿನಲ್ಲಿ ಒಟ್ಟು ಸುಮಾರು 180, ಕೊನೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಅಷ್ಟು ಅಗಲಕ್ಕೆ ಹರಡಿದ ಗಾಳಿಯ ವೇಗ ಬಹುತೇಕ ಸತ್ತೇಹೋಗುತ್ತದೆ. ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಆಮ್ಲಜನಕ ಗಾಳಿಯ ರಭಸಕ್ಕೆ ಒಳಗೆ ಹೋಗುವುದಿಲ್ಲ, ತಾನಾಗಿ ಹರಡಿಕೊಂಡು ಹೋಗುತ್ತದೆ. ಈ ನಿಂತ ಗಾಳಿಯೇ ಮುಂದೆ ಬರುವ ಕಥೆಗೆಲ್ಲ ಮೂಲ. ರಭಸ ಇಲ್ಲದ ಕಡೆ ಸಣ್ಣ ಕಣ ಮೆಲ್ಲಗೆ ಕೆಳಗೆ ಕೂರುತ್ತದೆ.

ಬರಿಯ ದಾರಿಯಾದ ಆ ಮೊದಲ ಭಾಗದಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಪ್ರತಿ ಉಸಿರಿನಲ್ಲೂ ಅಷ್ಟು ಗಾಳಿ ರಕ್ತಕ್ಕೆ ಉಪಯೋಗವಾಗದೆ ಹಾಗೇ ವಾಪಸ್ ಬರುತ್ತದೆ. ಸಾಧಾರಣ ಉಸಿರು 500 ಮಿಲಿಲೀಟರ್, ನಿಮಿಷಕ್ಕೆ 12 ಸಲ ಎಂದುಕೊಳ್ಳಿ. ಒಟ್ಟು 6 ಲೀಟರ್ ಎಳೆದರೂ ಗಾಳಿಗೂಡು ಮುಟ್ಟಿದ್ದು 350ರಂತೆ 4.2 ಲೀಟರ್. ಈಗ ಗಾಬರಿಯಲ್ಲಿ ಇರುವವರೊಬ್ಬರು 250 ಮಿಲಿಲೀಟರಿನಂತೆ 24 ಸಲ ಉಸಿರಾಡುತ್ತಾರೆ ಎನ್ನಿ. ಒಟ್ಟು ಆಗಲೂ 6 ಲೀಟರೇ, ಗೂಡು ಮುಟ್ಟಿದ್ದು ಮಾತ್ರ 2.4. ದಮ್ಮು ಹತ್ತಿದವರಿಗೆ "ಲಗೂ ಲಗೂ ಉಸಿರಾಡಬ್ಯಾಡ್ರಿ, ಸಾವಕಾಶ ಆಳಕ್ಕೆ ಎಳೀರಿ" ಎಂದು ಹೇಳುವುದು ಬರಿಯ ಸಮಾಧಾನದ ಮಾತಲ್ಲ. ಅದರ ಹಿಂದೆ ಈ ಲೆಕ್ಕವಿದೆ.

ಗೋಡೆಯ ಒಳಗಡೆಗೆ ಬರೋಣ. ದೊಡ್ಡ ನಳಿಕೆಗಳ ಒಳಮೈಯಲ್ಲಿರುವ ರೋಮದ ಜೀವಕೋಶ ಒಂದೊಂದರ ತಲೆಯ ಮೇಲೂ ಸುಮಾರು 200 ಸೂಕ್ಷ್ಮ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಗಂಟಲಿನ ದಿಕ್ಕಿಗೆ ಬಡಿಯುತ್ತವೆ. ರೋಮಗಳು ಅದ್ದಿರುವುದು ತೆಳುವಾದ ನೀರಿನ ಪದರದಲ್ಲಿ, ಅದರ ಮೇಲೆ ಅಂಟು ಲೋಳೆಯ ಪದರ. ಧೂಳು ಲೋಳೆಗೆ ಅಂಟುತ್ತದೆ, ರೋಮಗಳು ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಶ್ವಾಸನಾಳದಲ್ಲಿ ಅದು ನಿಮಿಷಕ್ಕೆ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಸಾಗಿ ಗಂಟಲಿಗೆ ಬರುತ್ತದೆ. ನಾವು ಅರಿಯದೆ ನುಂಗಿಬಿಡುತ್ತೇವೆ. ಮೈಯಲ್ಲಿ ನೀರು ತೀರಾ ಕಡಿಮೆಯಾದರೆ ಲೋಳೆ ಗಟ್ಟಿಯಾಗಿ ರೋಮಗಳಿಗೆ ಎಳೆಯಲಾಗುವುದಿಲ್ಲ. ಬೀಡಿ ಸಿಗರೇಟಿನ ಹೊಗೆ ರೋಮಗಳ ಬಡಿತವನ್ನೇ ಕುಗ್ಗಿಸುತ್ತದೆ, ವರ್ಷಗಳಾದ ಮೇಲೆ ರೋಮವಿದ್ದ ಕೋಶಗಳ ಜಾಗದಲ್ಲಿ ರೋಮವಿಲ್ಲದ ಕೋಶಗಳು ಬಂದು ಕೂರುತ್ತವೆ. ಆಗ ಲೋಳೆಯನ್ನು ಮೇಲೆ ತರಲು ಉಳಿಯುವುದು ಕೆಮ್ಮು ಮಾತ್ರ. ಬೀಡಿ ಸೇದುವವರ ಬೆಳಗಿನ ಕೆಮ್ಮು ಇದೇ. ಬೀಡಿ ಬಿಟ್ಟ ಮೊದಲ ಕೆಲವು ವಾರ ಕೆಲವರಿಗೆ ಕೆಮ್ಮು ಹೆಚ್ಚಾಗುವುದುಂಟು, ರೋಮಗಳು ಮತ್ತೆ ಕೆಲಸಕ್ಕೆ ಇಳಿಯುತ್ತಿರುತ್ತವೆ. "ಬಿಟ್ಟಮ್ಯಾಲೇ ಕೆಮ್ಮು ಜಾಸ್ತಿ ಆತು" ಎಂದು ಮರಳಿ ಸೇದುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಿರಬೇಕು.

ಕೆಳಕ್ಕೆ ಇಳಿದಂತೆ ಮೃದ್ವಸ್ಥಿ ತುಂಡುತುಂಡಾಗಿ, ಸುಮಾರು 1 ಮಿಲಿಮೀಟರಿಗಿಂತ ಕಿರಿದಾದ ನಳಿಕೆಗಳಲ್ಲಿ ಇಲ್ಲವಾಗುತ್ತದೆ. ಅಲ್ಲಿ ಗೋಡೆಯಲ್ಲಿ ಉಳಿಯುವುದು ಸುತ್ತಿಕೊಂಡ ಸ್ನಾಯು ಮಾತ್ರ. ನಳಿಕೆ ಮುಚ್ಚಿಕೊಳ್ಳದಂತೆ ಅದನ್ನು ಹೊರಗಿನಿಂದ ಹಿಡಿದೆಳೆದು ತೆರೆದಿಡುವುದು ಸುತ್ತಲಿನ ಗಾಳಿಗೂಡುಗಳ ಎಳೆತ. ಹೊಗೆಯಿಂದ ಗೂಡುಗಳ ಗೋಡೆ ಹರಿದುಹೋದರೆ ಆ ಎಳೆತವೂ ಹೋಗುತ್ತದೆ, ಉಸಿರು ಬಿಡುವಾಗ ನಳಿಕೆ ಕುಸಿದು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅಂಥವರು ಯಾರೂ ಕಲಿಸದೆಯೇ ತುಟಿ ಚೂಪು ಮಾಡಿ ಊದುತ್ತ ಉಸಿರು ಬಿಡುತ್ತಾರೆ. ಹೀಗೆ ಊದಿದಾಗ ಒಳಗಿನ ಒತ್ತಡ ಸ್ವಲ್ಪ ಉಳಿದು ನಳಿಕೆ ತಡವಾಗಿ ಕುಸಿಯುತ್ತದೆ. ಪುಪ್ಪಸದ ಚಿಕಿತ್ಸಾ ವಿಭಾಗಗಳಲ್ಲಿ ಇದನ್ನೇ ವ್ಯಾಯಾಮವಾಗಿ ಹೇಳಿಕೊಡುವುದು.

ಯಾವುದು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಕಡೆ ಎಲ್ಲರೂ ತಿಳಿದಿರಬೇಕಾದ ಉದಾಹರಣೆ ಶೇಂಗಾ. ಮನೆಮನೆಯಲ್ಲಿ ಹುರಿದ ಶೇಂಗಾ ಇರುತ್ತದೆ, ಎರಡು ವರ್ಷದ ಕೂಸಿನ ಕೈಗೂ ನಾಲ್ಕು ಕಾಳು ಹೋಗುತ್ತವೆ. ಆ ವಯಸ್ಸಿಗೆ ಅರೆಯುವ ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ. ನಗುತ್ತ, ಓಡುತ್ತ ತಿನ್ನುವಾಗ ಕಾಳು ಉಸಿರಿನೊಂದಿಗೆ ಒಳಗೆ ಜಾರುತ್ತದೆ. ಬಲಗಡೆಯ ಮುಖ್ಯ ಶ್ವಾಸನಳಿಕೆ ಸುಮಾರು 2.5 ಸೆಂಟಿಮೀಟರ್ ಉದ್ದ, ಅಗಲ ಹೆಚ್ಚು, ಇಳಿಜಾರೂ ಹೆಚ್ಚು. ಎಡಗಡೆಯದು ಹೃದಯವನ್ನು ಬಳಸಿ ಹೋಗಬೇಕಾದ್ದರಿಂದ 5 ಸೆಂಟಿಮೀಟರ್ ಉದ್ದ, ಹೆಚ್ಚು ಅಡ್ಡಕ್ಕೆ ತಿರುಗಿದೆ. ಇವು ದೊಡ್ಡವರ ಅಳತೆ. ದೊಡ್ಡವರಲ್ಲಿ ಜಾರಿದ ವಸ್ತು ಬಲಕ್ಕೇ ಬೀಳುವುದು ಹೆಚ್ಚು. 1897ರಲ್ಲಿ ಜರ್ಮನಿಯ ವೈದ್ಯ ಗುಸ್ತಾವ್ ಕಿಲ್ಲಿಯನ್ ಕೊಳವೆ ತೂರಿಸಿ ಮೊದಲ ಬಾರಿಗೆ ಹೊರತೆಗೆದ ಮಾಂಸದ ಮೂಳೆಯೂ ಒಬ್ಬ ರೈತನ ಬಲ ನಳಿಕೆಯಲ್ಲೇ ಇತ್ತು. ಸಣ್ಣ ಮಕ್ಕಳಲ್ಲಿ ಎರಡೂ ಕವಲುಗಳ ಕೋನದಲ್ಲಿ ಅಷ್ಟು ವ್ಯತ್ಯಾಸವಿರದ ಕಾರಣ ಎಡಕ್ಕೂ ಹೋಗುವುದು ಅಪರೂಪವಲ್ಲ.

ಶೇಂಗಾ ಬೇರೆ ವಸ್ತುಗಳಿಗಿಂತ ಕೆಟ್ಟದ್ದು. ಒಳಗಿನ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆಯಿಂದ ಗೋಡೆ ಕೆರಳಿ ಬಾತುಕೊಳ್ಳುತ್ತದೆ, ಸಾದಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಉಸಿರು ಎಳೆಯುವಾಗ ನಳಿಕೆ ಹಿಗ್ಗಿ ಕಾಳಿನ ಪಕ್ಕದಿಂದ ಗಾಳಿ ಒಳಗೆ ಹೋಗುತ್ತದೆ, ಬಿಡುವಾಗ ನಳಿಕೆ ಕುಗ್ಗಿ ದಾರಿ ಬಂದ್ ಆಗುತ್ತದೆ. ಆ ಬದಿಯ ಪುಪ್ಪಸ ಉಬ್ಬಿಯೇ ಉಳಿಯುತ್ತದೆ. ಹಾಗಾಗಿ ಅನುಮಾನ ಬಂದ ವೈದ್ಯರು ಉಸಿರು ಬಿಟ್ಟಾಗಿನ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ಮೋಸ ಮಾಡುವುದು ನಡುವಿನ ಹೊತ್ತು. ಮೊದಲು ಗಕ್ಕನೆ ಕೆಮ್ಮು, ಮುಖ ಕೆಂಪು, ಆಮೇಲೆ ಕೂಸು ಸುಮ್ಮನಾಗುತ್ತದೆ, ಆಡುತ್ತದೆ. ಕಾಳು ಒಂದು ಕಡೆ ಕೂತು ಅಲ್ಲಿನ ನರಗಳು ಒಗ್ಗಿಕೊಂಡಿವೆ ಅಷ್ಟೇ. ವಾರಗಳ ನಂತರ ಒಂದೇ ಬದಿಗೆ ಮತ್ತೆ ಮತ್ತೆ ನ್ಯುಮೋನಿಯಾ, ದಮ್ಮಿನ ಔಷಧಕ್ಕೆ ಬಗ್ಗದ ಸಿಳ್ಳೆ. "ಆ ದಿನ ಶೇಂಗಾ ತಿನ್ನುವಾಗ ಕೆಮ್ಮಿತ್ತು" ಎಂಬ ಒಂದು ಮಾತನ್ನು ತಾಯಿ ನೆನಪಿಟ್ಟು ಹೇಳಿದರೆ ಅರ್ಧ ರೋಗನಿದಾನ ಮುಗಿದಂತೆ. ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿನಿಂದ (ನಳಿಕೆಯೊಳಗೆ ಇಳಿಸಿ ನೋಡುವ ಕೊಳವೆ) ಕಾಳು ತೆಗೆಯುವ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗುವುದು ಒಳ್ಳೆಯದು.

ಉಸಿರು ಪೂರ್ತಿ ಕಟ್ಟಿದರೆ ಆಸ್ಪತ್ರೆಯವರೆಗೆ ಹೊತ್ತಿಲ್ಲ. ಕೂಸು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಮುಟ್ಟಬೇಡಿ, ಕೆಮ್ಮಲು ಬಿಡಿ. ದನಿಯೇ ಬರದೆ ತುಟಿ ನೀಲಿಗಟ್ಟುತ್ತಿದ್ದರೆ ಮುಂದಕ್ಕೆ ಬಗ್ಗಿಸಿ ಎರಡೂ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಿರಿ. ಹೊರಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ. ತಲೆ ಕೆಳಗಾಗಿ ಮುಂಗೈ ಮೇಲೆ ಮಲಗಿಸಿ ಬೆನ್ನಿಗೆ 5, ತಿರುಗಿಸಿ ಎದೆಯ ನಡುಮೂಳೆಯ ಮೇಲೆ 5. ಕಣ್ಣಿಗೆ ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಕೆಳಕ್ಕೆ ಹೋಗುತ್ತದೆ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿರಲಿ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಶೇಂಗಾ, ಪುಟಾಣಿ ಕೊಡದಿರುವುದೇ ಎಲ್ಲಕ್ಕಿಂತ ಸುಲಭ. ಶೇಂಗಾ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿ ಕೊಟ್ಟರೆ ಕೂಸಿಗೇನೂ ಕಮ್ಮಿಯಾಗುವುದಿಲ್ಲ.

ಘನವಸ್ತುವಿನ ಗತಿ ಗಾತ್ರದಿಂದ ತೀರ್ಮಾನವಾದರೆ, ಅನಿಲದ ಗತಿ ಅದು ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬುದರಿಂದ. ವಿಜಯಪುರದ ಕಡೆ ಒಣದ್ರಾಕ್ಷಿಗೆ ಹೊಂಬಣ್ಣ ಬರಲು ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಹುಟ್ಟುವ ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಬೇಗ ಕರಗುವ ಅನಿಲ. ಮೂಗಿನಿಂದ ಸಾವಕಾಶ ಉಸಿರಾಡುವವರಲ್ಲಿ ಅದರ ಬಹುಪಾಲು ಮೂಗಿನ ತೇವದಲ್ಲೇ ಕರಗಿ ಅಲ್ಲೇ ಉರಿ ಹಚ್ಚುತ್ತದೆ. ಕಣ್ಣು ಮೂಗು ಉರಿದು ಮನುಷ್ಯ ತಾನಾಗಿ ಓಡಿ ಹೊರಬರುತ್ತಾನೆ, ಒಂದು ಲೆಕ್ಕಕ್ಕೆ ಒಳ್ಳೆಯದೇ. ಟ್ರೇ ಹೊತ್ತು ಬಾಯಿಂದ ಉಸಿರಾಡುವವರಲ್ಲಿ ಅದೇ ಅನಿಲ ನಳಿಕೆಗಳವರೆಗೆ ಇಳಿದು ಸ್ನಾಯುವನ್ನು ಬಿಗಿಯುತ್ತದೆ. ಮೊದಲೇ ದಮ್ಮು ಇದ್ದವರಿಗೆ ಕೆಲವೇ ನಿಮಿಷ ಸಾಕು. ಎನ್-95 ಮಾಸ್ಕ್ ಕಣಗಳನ್ನು ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ಕಟ್ಟಿಕೊಂಡು ಗಂಧಕದ ಕೋಣೆಗೆ ನುಗ್ಗುವುದರಲ್ಲಿ ಅರ್ಥವಿಲ್ಲ. ಬಾಗಿಲು ಕಿಟಕಿ ತೆಗೆದು ಹೊಗೆ ಹೋಗುವವರೆಗೆ ಕಾಯುವುದೇ ಸರಿ.

ಇನ್ನು ಕೆಮ್ಮಿನ ನರತುದಿಗಳು. ಅವು ದಟ್ಟವಾಗಿರುವುದು ಧ್ವನಿಪೆಟ್ಟಿಗೆಯಲ್ಲಿ, ಶ್ವಾಸನಾಳ ಎರಡಾಗುವ ಕವಲಿನಲ್ಲಿ, ದೊಡ್ಡ ನಳಿಕೆಗಳಲ್ಲಿ. ಕೆಳಕ್ಕೆ ಹೋದಂತೆ ವಿರಳವಾಗಿ, ಗಾಳಿಗೂಡುಗಳಲ್ಲಿ ಇಲ್ಲವೇ ಇಲ್ಲ. ಜತೆಗೆ, ಉಸಿರಿಗೆ ಎದುರಾಗುವ ಒಟ್ಟು ತಡೆಯಲ್ಲಿ 2 ಮಿಲಿಮೀಟರಿಗಿಂತ ಕಿರಿದಾದ ನಳಿಕೆಗಳ ಪಾಲು ಐದನೇ ಒಂದಕ್ಕಿಂತಲೂ ಕಡಿಮೆ, ಏಕೆಂದರೆ ಅವು ಅಷ್ಟೊಂದಿವೆ. ಅವುಗಳಲ್ಲಿ ಅರ್ಧ ಮುಚ್ಚಿಹೋದರೂ ಒಟ್ಟು ತಡೆ ಏರುವುದು ಶೇಕಡ 20ರೊಳಗೆ. ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ವೈದ್ಯರು ಇದನ್ನು ಪುಪ್ಪಸದ ಮೌನ ವಲಯ ಎಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಉಸಿರಿನ ದಾರಿಯಲ್ಲಿ ಜನರಿಗೆ ತಿಳಿಸಿ ಹೇಳಬೇಕಾದ ಸಂಗತಿ ಇದೊಂದೇ. ಕೆಮ್ಮು ಮೇಲಿನ ಭಾಗದ ಸುದ್ದಿ ಹೇಳುತ್ತದೆ. ಕೆಳಗಿನ ಸುದ್ದಿ ಅದಕ್ಕೆ ತಿಳಿಯದು.

ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಹೊಗೆಯಲ್ಲಿ ಹೆಚ್ಚಿನ ಕಣಗಳು 1 ಮೈಕ್ರಾನಿಗಿಂತ ಸಣ್ಣವು. ದಿನಾ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ತಾಸುಗಟ್ಟಲೆ ಕೂತ ಹೆಂಗಸರು ಬೀಡಿ ಮುಟ್ಟದೆಯೂ ಬೀಡಿ ಸೇದಿದವರ ಪುಪ್ಪಸವನ್ನೇ ಹೊತ್ತು ಬರುತ್ತಾರೆ. ಇಳಕಲ್ಲಿನ ಕೆಂಪು ಗ್ರಾನೈಟ್‌ನಂಥ ಕಲ್ಲನ್ನು ಒಣದಾಗಿ ಕೊರೆದಾಗ, ಕತ್ತರಿಸಿದಾಗ ಏಳುವ ಸಿಲಿಕಾ ಧೂಳಿನಲ್ಲಿ 5 ಮೈಕ್ರಾನಿಗಿಂತ ಸಣ್ಣ ಭಾಗ ನೇರ ಗಾಳಿಗೂಡಿಗೆ ಇಳಿಯುತ್ತದೆ. ಅಲ್ಲಿ ರೋಮವಿಲ್ಲ, ಲೋಳೆಯಿಲ್ಲ. ಕಣವನ್ನು ನುಂಗಲು ಬರುವ ರಕ್ಷಕ ಕೋಶವೇ ಸಿಲಿಕಾ ನುಂಗಿ ಸಾಯುತ್ತದೆ, ಸತ್ತ ಕೋಶದಿಂದ ಹೊರಬಿದ್ದ ಕಣವನ್ನು ಇನ್ನೊಂದು ನುಂಗುತ್ತದೆ. ಗಾಯ ಆರದೆ ಗಟ್ಟಿ ಗಂಟಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆಯೇ ದಮ್ಮು ಹತ್ತುವುದು, ಕ್ಷಯ ಅಂಟುವ ಅಪಾಯವೂ ಏರಿರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಸುಂಕು, ಮಣ್ಣಿಗೆ ಸಾಕು, ಈ ಧೂಳಿಗೆ ಸಾಲದು. ಕೊರೆಯುವ ಬಿಟ್ಟಿಗೆ ನೀರು ಹಾಯಿಸುತ್ತ ಕೊರೆಯುವುದು ಮೊದಲ ಕೆಲಸ, ಎನ್-95 ಎರಡನೆಯದು. ಅದರ ಎರಡೂ ಪಟ್ಟಿಗಳು ತಲೆಯ ಹಿಂದೆ ಬಿಗಿಯಾಗಿರಬೇಕು. ದಪ್ಪ ಗಡ್ಡವಿದ್ದರೆ ಅಂಚಿನಿಂದ ಗಾಳಿ ಸೋರುತ್ತದೆ.

ಸಕ್ಕರೆ ಕಾರ್ಖಾನೆಗಳ ಅಂಗಳದ ಬಗ್ಯಾಸ್ ಇನ್ನೊಂದು ಬಗೆ. ರಸ ಹಿಂಡಿ ಬಂದ ಕಬ್ಬಿನ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ತಾಜಾ ಸಿಪ್ಪೆಯಿಂದ ತೊಂದರೆಯಿಲ್ಲ. ರಾಶಿ ಹಾಕಿ ತಿಂಗಳುಗಟ್ಟಲೆ ಬಿಟ್ಟಾಗ ಒಳಗೆ ಕಾವು ಏರಿ, ಕಾವಿಗೆ ಒಗ್ಗಿದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವುಗಳ ಬೀಜಕಣ ಸುಮಾರು 1 ಮೈಕ್ರಾನ್, ಗೂಡು ಮುಟ್ಟಲು ಹೇಳಿ ಮಾಡಿಸಿದ ಗಾತ್ರ. ಒಣಗಿದ ಹಳೆಯ ರಾಶಿ ಒಡೆದವರಿಗೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ತಾಸಿನ ನಂತರ, ಮನೆಗೆ ಹೋಗಿ ಉಂಡು ಮಲಗಿದ ಮೇಲೆ, ಚಳಿ ಜ್ವರ, ಒಣಕೆಮ್ಮು, ಎದೆಬಿಗಿತ. ಮಲೇರಿಯಾ ಅಥವಾ ಫ್ಲೂ ಎಂದು ಗುಳಿಗೆ ನುಂಗಿ, ಎರಡು ದಿನ ರಜೆ ಹಾಕಿ ಆರಾಮಾಗಿ ಮತ್ತೆ ಅದೇ ರಾಶಿಗೆ ಹೋಗುತ್ತಾರೆ. ರಜೆಯಲ್ಲಿ ಆರಾಮ, ಕೆಲಸಕ್ಕೆ ಹೋದ ರಾತ್ರಿ ಜ್ವರ ಎಂಬ ಈ ಸರಣಿಯನ್ನು ವೈದ್ಯರ ಮುಂದೆ ಹೇಳದಿದ್ದರೆ ಯಾವ ರಕ್ತ ಪರೀಕ್ಷೆಯೂ ಅದನ್ನು ತಾನಾಗಿ ಹೇಳಲಾರದು. ಹತ್ತಿ ನೂಲಿನ ಧೂಳಿನದು ಬೇರೆ ತಾಳ. ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆಬಿಗಿತ ಹೆಚ್ಚು, ವಾರ ಸರಿದಂತೆ ಕಡಿಮೆ.

ದಮ್ಮಿನ ಮಾತು ಕೊನೆಗೆ. ಅಸ್ತಮಾದಲ್ಲಿ ನಳಿಕೆ ಕಿರಿದಾಗಲು ಎರಡು ಕಾರಣ ಕೂಡಿರುತ್ತವೆ. ಸ್ನಾಯುವಿನ ಬಿಗಿತ ನಿಮಿಷಗಳಲ್ಲಿ ಬರುತ್ತದೆ, ಹೋಗುತ್ತದೆ. ಒಳಪದರದ ಬಾವು, ಲೋಳೆ ದಿನ ವಾರಗಳ ವಿಷಯ. ನಳಿಕೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿಗೆ ತಡೆ 16 ಪಟ್ಟು ಏರುತ್ತದೆ, ಆದ್ದರಿಂದಲೇ ಸ್ವಲ್ಪ ಬಾವಿಗೂ ಇಷ್ಟು ಸಂಕಟ. ಎದೆಯೊಳಗಿನ ನಳಿಕೆಗಳು ಉಸಿರು ಬಿಡುವಾಗ ಇನ್ನಷ್ಟು ಕುಗ್ಗುವುದರಿಂದ ಸಿಳ್ಳೆ ಕೇಳುವುದು ಹೆಚ್ಚಾಗಿ ಆಗಲೇ. ಉಸಿರು ಎಳೆಯುವಾಗ ಗಂಟಲಿಂದ ಕರ್ಕಶ ಸದ್ದು ಬಂದರೆ ಅದು ದಮ್ಮಲ್ಲ, ಮೇಲಿನ ದಾರಿ ಕಟ್ಟಿದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಲ್ಬುಟಮಾಲ್ ಔಷಧದ ಪಂಪ್ (ಬಾಯಿಗಿಟ್ಟು ಎಳೆಯುವ ಇನ್ಹೇಲರ್) ಸ್ನಾಯುವನ್ನು ಸಡಿಲಿಸುತ್ತದೆ, ಬಾವನ್ನು ಮುಟ್ಟುವುದಿಲ್ಲ. ಬಾವಿಗೆ ಸ್ಟಿರಾಯ್ಡ್ ಪಂಪ್, ಅದು ಆ ಕ್ಷಣಕ್ಕೆ ಏನೂ ಮಾಡಿದಂತೆ ಅನ್ನಿಸುವುದಿಲ್ಲ. ಹಾಗಾಗಿ ಜನ ಬೇಗ ಆರಾಮ ಕೊಡುವುದನ್ನಷ್ಟೇ ಇಟ್ಟುಕೊಂಡು, ಬೇಕಾದದ್ದನ್ನು ಬಿಡುತ್ತಾರೆ. "ಪಂಪ್ ಹತ್ತಿದರ ಬಿಡೂದಿಲ್ಲ" ಎಂಬ ಹೆದರಿಕೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಬಿಡದೇ ಇರುವುದು ಪಂಪ್ ಅಲ್ಲ, ರೋಗ.

ಪಂಪ್ ಹೊಡೆಯುವ ಕೈಗೂ ಕಣದ ಲೆಕ್ಕವೇ. ಒತ್ತಿದ ರಭಸಕ್ಕೆ ಔಷಧದ ಹನಿಗಳು ಗಂಟಲ ಹಿಂಗೋಡೆಗೆ ಬಡಿದರೆ ಪುಪ್ಪಸಕ್ಕೆ ಹೋಗುವುದು ಚೂರು. ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿದು, ಎಳೆಯಲು ಶುರುಮಾಡಿದ ಕೂಡಲೇ ಒತ್ತಿ, 3ರಿಂದ 5 ಸೆಕೆಂಡು ನಿಧಾನವಾಗಿ ಎಳೆದು, 10 ಸೆಕೆಂಡು ಹಿಡಿಯಬೇಕು. ಹಿಡಿದಾಗಲೇ ಕಣ ಕೆಳಗೆ ಕೂರುವುದು. ಎರಡನೆಯ ಸಲಕ್ಕೆ ಅರ್ಧ ನಿಮಿಷವಾದರೂ ಬಿಡಬೇಕು. ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ, ಅಂದರೆ ಸ್ಪೇಸರ್ ಇದ್ದರೆ ದಪ್ಪ ಹನಿಗಳು ಅದರಲ್ಲೇ ಉಳಿಯುತ್ತವೆ, ಮಕ್ಕಳಿಗೆ, ವಯಸ್ಸಾದವರಿಗೆ ಅದಿಲ್ಲದೆ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಸಾಧನದಲ್ಲಿ ನಿಯಮ ಉಲ್ಟಾ. ಅಲ್ಲಿ ಪುಡಿಯನ್ನು ಬಿಡಿಸುವ ಬಲ ನಮ್ಮ ಉಸಿರಿನದೇ ಆದ್ದರಿಂದ ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಕ್ಕೆ ಊದಬಾರದು. ಆ ಕ್ಯಾಪ್ಸೂಲನ್ನು ನೀರಿನ ಜತೆ ನುಂಗಿ "ಗುಣ ಆಗ್ಲಿಲ್ರಿ" ಎನ್ನುವವರಿಗೇನೂ ಕೊರತೆಯಿಲ್ಲ. ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಬೂಸ್ಟು ಬರುತ್ತದೆ, ದನಿ ಒಡೆಯುತ್ತದೆ.

ಕಲ್ಲಿನ ಕೆಲಸ, ಬಗ್ಯಾಸ್, ಹತ್ತಿ, ಒಲೆ, ಇವುಗಳ ಜತೆ ವರ್ಷಗಳನ್ನು ಕಳೆದವರು ಕೆಮ್ಮಿಗಾಗಿ ಕಾಯದೆ ಒಮ್ಮೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಆಳವಾಗಿ ಉಸಿರೆಳೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಒಮ್ಮೆಲೆ ಊದಿ, ಇನ್ನು ಗಾಳಿ ಬರದು ಎನ್ನುವವರೆಗೆ ಬಿಡದೆ ಊದುತ್ತಲೇ ಇರಬೇಕು. ಕನಿಷ್ಠ ಮೂರು ಸಲ ಸರಿಯಾಗಿ ಊದಿದರೆ ಮಾತ್ರ ಫಲಿತಾಂಶಕ್ಕೆ ಬೆಲೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ ಶೇಕಡ 70ಕ್ಕಿಂತ ಕಡಿಮೆಯಿದ್ದು, ಪಂಪ್ ಕೊಟ್ಟ ಮೇಲೂ ಹಾಗೇ ಉಳಿದರೆ ನಳಿಕೆಗಳು ಕಟ್ಟಿವೆ ಎಂದರ್ಥ. ಮೌನ ವಲಯದ ಆರಂಭದ ಹಾನಿ ಇದರಲ್ಲೂ ತಪ್ಪಿಸಿಕೊಳ್ಳುವುದುಂಟು, ಹಾಗಾಗಿ ಒಂದು ವರದಿಗಿಂತ ವರ್ಷವರ್ಷದ ವರದಿಗಳನ್ನು ಜೋಡಿಸಿಟ್ಟು ನೋಡುವುದು ಮೇಲು. ಹೋಗುವ ಮುನ್ನ ಹೊಟ್ಟೆ ಬಿರಿಯ ಉಣ್ಣಬೇಡಿ, ಬಿಗಿ ಬಟ್ಟೆ ಬೇಡ, ವೈದ್ಯರು ಒಪ್ಪಿದರೆ ಸಾಲ್ಬುಟಮಾಲನ್ನು ನಾಲ್ಕರಿಂದ ಆರು ತಾಸು ಮೊದಲೇ ನಿಲ್ಲಿಸಿರಿ, ಮತ್ತು ಈಗ ಯಾವ ಕೆಲಸ ಎಂಬುದರ ಜತೆಗೆ ಹಿಂದೆ ಎಷ್ಟು ವರ್ಷ ಯಾವ ಕೆಲಸ ಮಾಡಿದ್ದಿರಿ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.